ದಸ್ತಗೀರಸಾಬನ ಹತ್ತನೇ ಸಾಲು

ಭಾಳ ವರ್ಷದ ಹಿಂದ, ಗುಡ್ಡದ ಮ್ಯಾಲೆ ರೇಡಿಯೋ ಸ್ಟೇಷನ್ ಇದ್ದ ಒಂದೂರಾಗ, ದಸ್ತಗೀರಸಾಬ ಅಂತ ಒಬ್ಬ ಸೈಕಲ್ ಶಾಪಿನಾಂವ ಇದ್ನಂತ. ಅರವತ್ತರ ಸುಮಾರಿನ ಮಾತು ಅಂತಾರ. ನನಗ ಇಸವಿ ಗಿಸವಿ ಕೇಳಬ್ಯಾಡ್ರಿ, ನಮ್ಮಪ್ಪ ಹೇಳಿದ್ದು ಹೇಳಾಕತ್ತೇನಿ.

ಆ ಸ್ಟೇಷನ್ನಿನವ್ರು ಪ್ರತಿ ಐತವಾರ ಸಂಜಿಗೆ ವಾರದ ಹತ್ತು ಹಾಡು ಹಾಕ್ತಿದ್ರಂತ. ಮಂದಿ ಕಾರ್ಡ್ ಬರೀಬೇಕು, ಯಾವ ಹಾಡಿಗೆ ಹೆಚ್ಚು ಕಾರ್ಡೋ ಅದು ಒಂದನೇ ನಂಬರು. ಊರಾಗ ರೇಡಿಯೋ ಇದ್ದ ಮನಿ ನಾಕೋ ಐದೋ. ಹಿಂಗಾಗಿ ದಸ್ತಗೀರಸಾಬ ತನ್ನ ರೇಡಿಯೋಕ್ಕ ಕಿವಿ ಹಚ್ಚಿ ಕೇಳಿ, ಅಂಗಡಿ ಮುಂದಿನ ಕರೇ ಬೋರ್ಡಿನ ಮ್ಯಾಲೆ ಖಡು ಹಿಡಿದು ಹತ್ತೂ ಹಾಡು ಬರೀತಿದ್ದ. ಕುಂತಲ್ಲಿ ಕುಂದ್ರದ ಮನುಷ್ಯಾ ಅಂವ. ಒಂದು ಹಾಡು ಮುಗಿಯೂದ್ರಾಗ ಮೂರು ಸಲ ಎದ್ದು ಹೊರಗ ಬರಾಂವ. ಆದ್ರ ಬೋರ್ಡಿನ ಮ್ಯಾಲೆ ಸುಳ್ಳ ಬರದಾಂವ ಅಲ್ಲ ಅಂತಾರ. ಹಾಡಿನ ಸಲುವಾಗಿ ಜಗಳ ಬಿತ್ತಂದ್ರ, ‘ಹೋಗಲೇ, ಬೋರ್ಡ್ ನೋಡು’ ಅನ್ನೂದು, ಮುಗೀತು.

ಅದೇ ಊರಿನ ನೇಕಾರ ಓಣ್ಯಾಗ ದುಂಡವ್ವ ಅಂತ ಒಬ್ಬಾಕಿ ಇದ್ಲು. ಗಂಡ ಸೊಲ್ಲಾಪುರದ ಮಿಲ್ಲಿಗೆ ಹೋಗಿ ಮೂರು ವರ್ಷ. ಕಾಗದಿಲ್ಲ, ಸುದ್ದಿಲ್ಲ. ಅಂವ ಮಗ್ಗದ ಮುಂದ ಕುಂತು ಗುನುಗ್ತಿದ್ದ ಹಾಡೊಂದು ಹತ್ತರಾಗ ಬರ್ತಿತ್ತು. ಓದು ಬಾರದ ದುಂಡವ್ವ ಪ್ರತಿ ವಾರ ದಸ್ತಗೀರಸಾಬನ ಕಡಿಂದನ ಅದಕ್ಕೊಂದು ಕಾರ್ಡ್ ಬರಸಾಕಿ. ಹಾಡು ಬರೂತನಕ ಅಂವ ಎಲ್ಲೋ ಕುಂತು ಕೇಳ್ತಿರ್ತಾನ, ಅದು ಹತ್ತರಾಗಿಂದ ಬಿದ್ದ ವಾರ ಅಂವ ಇಲ್ಲಂತ ತಿಳಕೊಂಡು ಬಳಿ ಒಡಕೋತೇನಿ ಅಂದಿದ್ಲಂತ. ಹುಚ್ಚಿ! ಆದ್ರ ಅಂದದ್ದು ಮಾಡೂ ಹೆಣ್ಣಮಗಳು.

ಒಂದು ಐತವಾರ ಆ ಹಾಡು ಬಿತ್ತು. ಒಂಬತ್ತು ಸಾಲು ಬರದ ದಸ್ತಗೀರಸಾಬ ಹಿಂದ ಹೊಳ್ಳಿದ್ರ ದುಂಡವ್ವ ನಿಂತಾಳ.

“ಕಾಕಾ, ನಮ್ಮದು ಎಲ್ಲೈತಿ?”

ದಸ್ತಗೀರಸಾಬ ಮತ್ತ ಬೋರ್ಡಿನ ಕಡೆ ತಿರಗಿದಾ. ಹತ್ತನೇ ಸಾಲಿನ್ಯಾಗ ಅಕಿ ಹಾಡನ್ನ ಬರದಾ.

“ಇಲ್ಲೈತಿ ನೋಡ ಯವ್ವಾ.”

ಮುಂದಿಂದು ಕೇಳ್ರಿ. ರೇಡಿಯೋ ಇದ್ದ ಮನಿಯವ್ರು ಬಂದು ನೋಡಿದ್ರು. ತಾವು ಕೇಳಿದ ಹತ್ತನೇ ಹಾಡು ಬ್ಯಾರೆ! ಆದ್ರ ಬೋರ್ಡ್ ತಪ್ಪು ಅನ್ನೂ ಮಂದಿ ಆ ಊರಾಗ ಎಲ್ಲಿ ಇದ್ರು? ಸ್ಟೇಷನ್ನಿನವ್ರೇ ತಪ್ಪು ಹಾಡು ಹಾಕ್ಯಾರ ಅಂತ ಊರಿಗೂರ ಸಿಟ್ಟಿಗೆದ್ದು, ನಮ್ಮ ಹಾಡು ಯಾಕ ಬಿಟ್ರಿ ಅಂತ ಬೈದು ಕಾರ್ಡ್ ಬರೀತು. ಸ್ಟೇಷನ್ನಿನವ್ರು ಬೈಗಳ ಬಿಟ್ಟು ಕಾರ್ಡ್ ಎಣಿಸಿದ್ರು. ಮುಂದಿನ ಐತವಾರ ಆ ಹಾಡು ಒಂದನೇ ನಂಬರು!

ಊರು ಕುಣೀತು. ದಸ್ತಗೀರಸಾಬಗ ಮಾತ್ರ ಊಟ ಸೇರವಲ್ದು, ನಿಂತಲ್ಲಿ ನಿಲ್ಲವಲ್ಲ. ಪಂಕ್ಚರ್ ತಿದ್ದಾಕ ಟ್ಯೂಬ್ ಬಿಚ್ಚಾಂವ, ಹಂಗ ಬಿಟ್ಟು ಓಣಿತುಂಬ ಅಡ್ಡಾಡಾಂವ. ಕಡೀಕ ತಡೀಲಾರದೆ, ದುಂಡವ್ವನ ಮನಿಗೆ ಹೋಗಿ, ಸುಳ್ಳ ಬರದೆ, ತಪ್ಪಾತು ಯವ್ವಾ ಅಂತ ಅತ್ತಬಿಟ್ಟನಂತ.

ದುಂಡವ್ವ ಮಗ್ಗ ನಿಲ್ಲಸಲಿಲ್ಲ.

“ಆ ಸಂಜಿಗೆ ನಾ ರೇಡಿಯೋ ಇದ್ದ ಶೆಟ್ಟರ ಮನಿ ಕಿಟಕಿ ಕೆಳಗ ನಿಂತು ಹತ್ತೂ ಹಾಡು ಕೇಳಿದ್ನಿ ಕಾಕಾ. ಬಳಿ ಒಡಕೊಳ್ಳಾಕ ಉಡ್ಯಾಗ ಕಲ್ಲು ಇಟಗೊಂಡ ನಿನ್ನ ಅಂಗಡಿಗೆ ಬಂದಿದ್ನಿ. ನೀ ಬರದಿ. ನಾ ಕಲ್ಲು ಒಗದೆ.”

ಗಂಡ ಬರಲಿಲ್ಲ. ಬಂದಾ ಅಂತ ಕೆಲವರು ಕತಿ ಕಟ್ಟತಾರ, ನಂಬಬ್ಯಾಡ್ರಿ. ಮುದುಕಿಯಾಗಿ ಸತ್ತಾಗೂ ದುಂಡವ್ವನ ಕೈಯಾಗ ಹಸರು ಬಳಿ ಇದ್ದೂವಂತ.

ಸ್ಟೇಷನ್ ಮುಚ್ಚಿ ಯಾವ ಕಾಲ ಆತೋ. ಬೋರ್ಡ್ ಮಾತ್ರ ಇನ್ನೂ ಇಲ್ಲೇ ಐತಿ. ಐತವಾರ ಯಾರರೆ ತಮಗ ನೆನಪಿದ್ದ ಒಂಬತ್ತು ಹಾಡು ಬರದು ಹತ್ತನೇ ಸಾಲು ಖಾಲಿ ಬಿಡ್ತಾರ. ಯಾರನ್ನರೆ ಕಾಯಾಕತ್ತವರು ಬಂದು ತಮ್ಮ ಹಾಡು ಬರೀತಾರ. ಸುಳ್ಳು ಅಂತ ಯಾರೂ ಒರಸೂದಿಲ್ಲ.

ಈ ವಾರ ನಾ ಬರದೇನಿ. ಯಾರ ಸಲುವಾಗಿ ಅಂತ ಕೇಳಬ್ಯಾಡ್ರಿ. ಏಳ್ರಿ ಏಳ್ರಿ, ಮಳಿ ಬರೂಹಂಗ ಐತಿ, ಬೋರ್ಡಿಗೆ ಒಂದು ತಾಡಪತ್ರಿ ಹೊದಿಸಿ ಬರೂಣು.