ನಾಲ್ಕು ಬೆಳೆಗೆ ಒಂದೇ ಅಂಕಿ

"ಗುರುಗಳೇ, ಲೆಕ್ಕ ಸರಿಯಿದ್ದರೂ ಲೆಕ್ಕ ಹಾಕಿದವನಿಗೆ ಪಾಪ ತಟ್ಟುತ್ತದೆಯೇ?"

ಕೇಳಿದವನು ಕೃಷಿ ಕಚೇರಿಯಲ್ಲಿ ಗಣತಿ ಕೆಲಸಕ್ಕೆ ಮರುದಿನ ಸೇರಬೇಕಿದ್ದ ಶಿಷ್ಯ. ಅವರು ಒಂದು ಕತೆ ಹೇಳಿದರು.

ಯಾವ ಬೆಳೆಗೆ ಎಷ್ಟು ಸಲ ಕೀಟನಾಶಕ ಹೊಡೆಯುತ್ತಾರೆಂದು ಅಂದಾಜು ಮಾಡಲು ಒಂದು ಸೀಮೆಗೆ ಒಬ್ಬ ಗಣತಿದಾರ ಬಂದ. ಪ್ರಾಮಾಣಿಕ ಮನುಷ್ಯ. ಬಿಸಿಲಲ್ಲಿ ಹೊಲ ಹೊಲ ಅಲೆದು, ಕೇಳಿ ಬರೆದುಕೊಂಡ. ಜೋಳಕ್ಕೆ ಒಂದು ಸಲವೂ ಇಲ್ಲ. ಕಡಲೆಗೆ ಒಂದು ಸಲ. ಹತ್ತಿಗೆ ಎಂಟು. ಮೆಣಸಿನಕಾಯಿಗೆ ಹತ್ತೊಂಬತ್ತು.

ಮೆಣಸಿನ ಹೊಲದಲ್ಲಿ ಔಷಧಿ ಹೊಡೆಯುತ್ತಿದ್ದವಳು ದುರುಗವ್ವ ಎಂಬ ಕೂಲಿ ಹೆಂಗಸು. ಬೆನ್ನಿಗೆ ಡಬ್ಬ, ಮೂಗಿಗೆ ಸೆರಗು, ಅಷ್ಟೇ. ಆ ಹತ್ತೊಂಬತ್ತನ್ನು ಬೆರಳು ಮಡಚಿ ಎಣಿಸಿ ಹೇಳಿದವಳು ಅವಳೇ. "ಕಣ್ಣು ಉರಿತಾವ್ರಿ ಸಾಹೇಬ್ರ, ಅದನ್ನೂ ಬರಕೊಳ್ರಿ" ಎಂದಿದ್ದಳು.

ಹತ್ತು ಸಲಕ್ಕಿಂತ ಹೆಚ್ಚು ಹೊಡೆಯುವ ಸೀಮೆಯ ಕೂಲಿಗಳಿಗೆ ಕನ್ನಡಕ, ಕೈಗವಸು ಕೊಡಬೇಕೆಂದು ಸರಕಾರ ಗೊತ್ತುಮಾಡಿತ್ತು. ಮೇಲಧಿಕಾರಿ ಕಾಗದ ನೋಡಿ, "ನಾಲ್ಕು ಅಂಕಿ ಯಾರು ಓದುತ್ತಾರೆ? ಸೀಮೆಗೆ ಒಂದೇ ಅಂಕಿ ಕೊಡು" ಎಂದ. ಗಣತಿದಾರನಿಗೆ ದುರುಗವ್ವನ ಕಣ್ಣು ನೆನಪಾಯಿತು. ಆದರೂ ಎಲ್ಲವನ್ನೂ ಕೂಡಿಸಿ ನಾಲ್ಕರಿಂದ ಭಾಗಿಸಿದ. ಏಳು ಬಂತು. ಸೀಮೆಯ ಹೆಸರು ಪಟ್ಟಿಗೆ ಸೇರಲಿಲ್ಲ. ಕನ್ನಡಕ ಬರಲಿಲ್ಲ.

ಆ ಹಂಗಾಮಿನಲ್ಲೇ ಒಂದು ದಿನ ಗಾಳಿ ತಿರುಗಿ ಔಷಧಿ ಅವಳ ಎರಡೂ ಕಣ್ಣಿಗೆ ಬಿತ್ತು. ತೊಳೆಯಲು ಹೊಲದಲ್ಲಿ ನೀರಿರಲಿಲ್ಲ. ಹೋದ ದೃಷ್ಟಿ ಮರಳಲಿಲ್ಲ.

ಅಕ್ಕನ ಕೈ ಹಿಡಿದುಕೊಂಡು ಅವಳು ಕಚೇರಿಗೆ ಬಂದಳು. "ನಾ ಎಷ್ಟ್ ಹೇಳಿದ್ದೆ, ನೀವು ಎಷ್ಟ್ ಬರದ್ರಿ?"

"ನಾನು ತಪ್ಪು ಲೆಕ್ಕ ಬರೆದಿಲ್ಲವ್ವಾ. ಎಲ್ಲ ಬೆಳೆಗೂ ಹಂಚಿದರೆ ಏಳೇ ಬರುತ್ತದೆ" ಎಂದ ಗಣತಿದಾರ.

"ಜ್ವಾಳದ ಹೊಲದಾಗ ನಾ ಯಾವತ್ತರ ಔಷಧಿ ಹೊಡದೀನೇನು?" ಮೇಜಿನ ಮೇಲಿದ್ದ ಲೆಕ್ಕದ ಕಾಗದವನ್ನು ತಡಕಿ ಹಿಡಿದು ಹರಿದುಹಾಕಿದಳು. ಅಂಥವು ಇನ್ನೂ ನೂರು ಅಚ್ಚಾಗಿದ್ದವು.

ಗುರುಗಳು ಕತೆ ನಿಲ್ಲಿಸಿದರು.

"ಆದರೂ ಭಾಗಾಕಾರ ಸರಿಯಾಗಿಯೇ ಇತ್ತಲ್ಲ, ಗುರುಗಳೇ?" ಎಂದ ಶಿಷ್ಯ.

"ವಿಷವನ್ನು ನಾಲ್ಕು ಬೆಳೆಗೂ ಹಂಚಿದವನು ಅವಳ ಕುರುಡನ್ನು ಯಾರಿಗೆ ಹಂಚಿದ?"