ತೇಗುಬಂಡೆಗೆ ಆ ಹೆಸರು ಬಂದದ್ದು

ದುರ್ಗದ ಸೀಮೆ ದಾಟಿ ಬಡಗಲಾಗಿ ಹೋಗೋ ಹೆದ್ದಾರೀಲಿ ಒಂದು ಕಣಿವೆ ಇದೆ. ಎರಡು ಬೋಳುಗುಡ್ಡಗಳು ಗುದ್ದಾಡೋಕೆ ಅಂತ ಹತ್ತಿರ ಬಂದು, ಕೊನೇ ಗಳಿಗೇಲಿ ‘ಹೋಗ್ಲಿ ಬಿಡು’ ಅಂತ ನಿಂತುಬಿಟ್ಟ ಹಾಗೆ ಕಾಣುತ್ತೆ. ಕಣಿವೆ ಬಾಯಲ್ಲೇ ತಗಡಿನ ಶೀಟಿನ ಒಂದು ಹೋಟೆಲ್. ಬೋರ್ಡಿನ ಮೇಲೆ ‘ಶ್ರೀ ತೇಗುಬಂಡೆ ಊಟದ ಹೋಟೆಲ್’ ಅಂತ ಬರೆದಿದೆ. ಮುಂದೆ ಒಂದು ‘ಶ್ರೀ’ ಸೇರಿಸಿದ್ರೆ ತೇಗಿಗೂ ಮರ್ಯಾದೆ ಬರುತ್ತೆ ಅಂತ ಬೋರ್ಡು ಬರೆದೋನು ಅಂದುಕೊಂಡಿರಬೇಕು. ಲಾರಿಯೋರು, ಸರ್ಕಾರಿ ಬಸ್ಸಿನೋರು, ಹಂಪಿ ನೋಡೋಕೆ ಹೊರಟ ಕಾರಿನೋರು ಎಲ್ಲ ಇಲ್ಲಿ ನಿಲ್ಲಿಸ್ತಾರೆ. ಮೊದಲ ಸಲ ಬಂದೋರು ಹೊಸಲು ದಾಟಿದ ಕೂಡಲೇ ಕಕ್ಕಾಬಿಕ್ಕಿ ಆಗ್ತಾರೆ. ಯಾಕಂದ್ರೆ ಮಧ್ಯಾಹ್ನ, ಹೊಟ್ಟೆ ಚುರುಗುಟ್ಟೋ ಹೊತ್ತಲ್ಲಿ, ಅಡುಗೆಯೋರು, ಬಡಿಸೋರು, ಪಾತ್ರೆ ತಿಕ್ಕೋರು ಎಲ್ಲ ನಟ್ಟನಡುವಿನ ಟೇಬಲ್ ಹಿಡಿದು ಹಬೆಯಾಡೋ ಮುದ್ದೆ ಮುರೀತಾ ಕೂತಿರ್ತಾರೆ. ಗಿರಾಕಿ ಬಂದ ಅಂತ ಒಬ್ಬರೂ ಏಳಲ್ಲ. ‘ಏನ್ರೀ ಇದು, ನಾವು ನಿಂತಿದೀವಿ, ನೀವು ಉಣ್ತಾ ಇದೀರಲ್ಲ?’ ಅಂತ ಯಾರಾದ್ರೂ ಕೂಗಾಡಿದ್ರೆ, ಹೋಟೆಲ್ ನಡೆಸೋ ಚೌಡಮ್ಮ ಬಾಯಲ್ಲಿರೋ ತುತ್ತು ನುಂಗಿ, ನೀರು ಕುಡಿದು, ನಿಧಾನಕ್ಕೆ ಹೇಳ್ತಾಳೆ: ‘ಕುತ್ಕಳಿ ಸಾರ್, ನಮ್ದಾಗ್ಲಿ. ನಮ್ ಹೊಟ್ಟೆ ಒಪ್ಪಿದ್ದನ್ನೇ ನಿಮಗೆ ಹಾಕೋದು.’

ಇನ್ನೊಂದು ವಿಚಿತ್ರ ಹಿತ್ತಲಲ್ಲಿ ನಡೆಯುತ್ತೆ. ಹೋಟೆಲಿನ ಬೆನ್ನಿಗೇ ಆನೆ ಗಾತ್ರದ, ಅಲ್ಲ, ಆನೆ ಸಂಸಾರದ ಗಾತ್ರದ ಒಂದು ಕರಿ ಬಂಡೆ. ನಡುವೆ ಬೋಗುಣಿ ಹಾಗೆ ಗುಳಿ ಬಿದ್ದಿದೆ. ಉಂಡು ಕೈ ತೊಳೆದೋರು ಬಂದು ಆ ಗುಳಿಗೆ ಮುಖ ಮಾಡಿ ನಿಂತು, ಅಕ್ಕಪಕ್ಕ ನೋಡಿ, ನಾಚಿಕೆ ಬಿಟ್ಟು ತೇಗ್ತಾರೆ. ಬಂಡೆ ಅದನ್ನ ಎರಡು ಸಲ ವಾಪಸ್ ಕೊಡುತ್ತೆ. ಮೊದಲನೇದು ಗಟ್ಟಿಯಾಗಿ, ಒಂದು ಚೂರು ತಡೆದು ಎರಡನೇದು ಮೆತ್ತಗೆ. ಹಾಗೆ ಯಾಕೆ ಅಂತ ತಿಳಿಯೋಕೆ ಕಾಲೇಜಿನೋರು ಒಮ್ಮೆ ಅಳತೆ ಟೇಪು ತಂದಿದ್ರಂತೆ. ಊಟ ಜಾಸ್ತಿಯಾಗಿ ಬೇವಿನ ಮರದ ಕೆಳಗೆ ಮಲಗಿ ಎದ್ದು ಹೋದ್ರು. ಊರಿನೋರಿಗೆ ಟೇಪಿನ ಅಗತ್ಯ ಯಾವತ್ತೂ ಬಿದ್ದಿಲ್ಲ. ಅಡುಗೆಯೋರು ಮೊದಲು ಉಣ್ಣೋದಕ್ಕೂ, ಬಂಡೆ ಎರಡು ಸಲ ತೇಗೋದಕ್ಕೂ ಕಾರಣ ಒಬ್ಬಳೇ ಹೆಂಗಸು, ಅವಳ ಹೆಸರು ತಿಪ್ಪಕ್ಕ ಎನ್ನುತ್ತಾರೆ.

ಹಿಂದೆ ಒಮ್ಮೆ, ಹೆದ್ದಾರಿ ಇನ್ನೂ ಬರೀ ಗಾಡಿಜಾಡಾಗಿದ್ದ ಕಾಲದಲ್ಲಿ, ಈಗ ಹೋಟೆಲ್ ಇರೋ ಜಾಗದಲ್ಲಿ ಒಂದು ಗರಿ ಚಪ್ಪರ ಇತ್ತಂತೆ. ತಿಪ್ಪಕ್ಕ, ಅವಳ ಗಂಡ ಪಾಲಯ್ಯ, ಅತ್ತೆ ಓಬಕ್ಕ, ಇಷ್ಟೇ ಜನ. ಪಾಲಯ್ಯ ಬಾವಿಯಿಂದ ನೀರು ಸೇದೋನು. ಸೇದಿದ್ದಕ್ಕಿಂತ ಸೇದಿದ ಸುದ್ದಿ ಹೇಳೋದೇ ಹೆಚ್ಚು. ತಿಪ್ಪಕ್ಕ ಮುದ್ದೆ ತಿರುವಿ, ಹುರುಳಿಕಾಳಿನ ಸಾರು ಕುದಿಸಿ, ಬಂದ ಗಾಡಿಯೋರಿಗೆ ಮುತ್ತುಗದ ಎಲೇಲಿ ಬಡಿಸೋಳು. ಅತ್ತೆ ಬಾಗಿಲಲ್ಲಿ ಕೂತು ಕಿವಿ ಕೊಡೋಳು. ಕಿವಿ ಯಾತಕ್ಕೆ ಅಂದ್ರೆ, ಆ ಮನೇಲಿ ಊಟ ಮುಗೀತು ಅನ್ನೋಕೆ ಒಂದೇ ಸಾಕ್ಷಿ, ಉಂಡೋನ ತೇಗು. ‘ಸಾಕವ್ವಾ’ ಅಂತ ಬಾಯಲ್ಲಿ ಹೇಳಿದ್ರೆ ನಡೀತಿರಲಿಲ್ಲ. ಬಾಯಿ ದಾಕ್ಷಿಣ್ಯಕ್ಕೆ ಸುಳ್ಳು ಹೇಳುತ್ತೆ, ಹೊಟ್ಟೆಗೆ ಆ ಬುದ್ಧಿ ಇಲ್ಲ ಅನ್ನೋದು ಓಬಕ್ಕನ ನಂಬಿಕೆ. ತೇಗು ಕೇಳಿ ಅವಳು ‘ಹ್ಞೂ, ಒಪ್ಪಿತು’ ಅನ್ನೋತನಕ ಬಡಿಸ್ತಾ ಇರಬೇಕು. ಕೊನೇ ಗಿರಾಕಿ ತೇಗಿದ ಮೇಲೇ ಮನೆಯೋರು ಎಲೆ ಹಾಕ್ಕೋಬೇಕು. ಹೀಗಾಗಿ ತಿಪ್ಪಕ್ಕನ ಪಾಲಿಗೆ ಬರ್ತಿದ್ದದ್ದು ತಣ್ಣಗೆ ಕಲ್ಲಾದ ಮುದ್ದೆ, ಗಡಿಗೆ ತಳದ ಸಾರು. ಕುದಿಯೋವಾಗ ರುಚಿ ನೋಡೋ ಹಾಗೂ ಇರಲಿಲ್ಲ. ಗಿರಾಕಿಗೆ ಎಂಜಲು ಆಗುತ್ತಲ್ಲ. ಮದುವೆ ಆಗಿ ಬಂದಾಗಿಂದ ತನ್ನ ಕೈಯಡುಗೆ ಬಿಸಿ ಇದ್ದಾಗ ಹೇಗಿರುತ್ತೆ ಅನ್ನೋದೇ ಅವಳಿಗೆ ಗೊತ್ತಿರಲಿಲ್ಲವಂತೆ. ಊರೂರಿನೋರು ಉಂಡು ಹೊಗಳಿದ ಸಾರು, ಮಾಡಿದೋಳಿಗೇ ಗುರುತಿಲ್ಲ.

ಆ ದಾರಿಗೆ ದೊಡ್ಡ ಗಿರಾಕಿ ಅಂದ್ರೆ ಉಪ್ಪಿನ ಗಾಡಿ ಸಾಲು. ಅದರ ಯಜಮಾನ ಏಕಾಂತಪ್ಪ. ಆತ ಯಾವ ದಾರಿ ಹಿಡೀತಾನೋ ಮೆಣಸಿನಕಾಯಿ ಗಾಡಿ, ಬೆಲ್ಲದ ಗಾಡಿ, ಎಣ್ಣೆ ಗಾಡಿ ಎಲ್ಲ ಅದೇ ದಾರಿ. ಆ ವರ್ಷ ಗುಡ್ಡದ ಆ ಮಗ್ಗುಲಲ್ಲಿ ಕೆರೆ ಏರಿ ಪಕ್ಕ ಹೊಸ ಜಾಡು ಬಿತ್ತು. ಏರು ಇಲ್ಲ, ಎತ್ತಿಗೆ ಸುಸ್ತಿಲ್ಲ. ಸಾಲದ್ದಕ್ಕೆ ಅಲ್ಲೊಬ್ಬ ಹೊಸದಾಗಿ ಚಪ್ಪರ ಹಾಕಿ, ಉಂಡೋರಿಗೆಲ್ಲ ಮೇಲೊಂದು ಬೆಲ್ಲದ ಉಂಡೆ ಬೇರೆ ಕೊಡ್ತಿದ್ದ. ಒಂದು ದಿನ ಮುಂದೆ ಬಂದ ಗಾಡಿಯೋನೊಬ್ಬ ಸುದ್ದಿ ತಂದ: ಯಜಮಾನ್ರು ನಾಳೆ ಕಣಿವೆ ದಾರೀಲಿ ಬರ್ತಾರೆ, ನಿಮ್ಮಲ್ಲಿ ಉಂಡು ನೋಡ್ತಾರೆ, ಮುಂದೆ ಯಾವ ದಾರಿ ಅಂತ ಆಮೇಲೆ ಹೇಳ್ತಾರೆ. ಪಾಲಯ್ಯನ ಕೈಲಿದ್ದ ಕೊಡ ಹಾಗೇ ನಿಂತಿತು. ಗಾಡಿ ಬರದಿದ್ರೆ ಚಪ್ಪರ ಕಿತ್ತು, ತಿಪ್ಪಕ್ಕನ ಅಣ್ಣನ ಮನೆ ಹಿತ್ತಲಿಗೆ ಹೋಗಿ ಬೀಳಬೇಕು. ಅಲ್ಲಿ ಅತ್ತಿಗೆ ಇದ್ದಳು. ಆ ಅತ್ತಿಗೆ ಬಾಯಿಗಿಂತ ಕಣಿವೆಯ ಚಿರತೆ ವಾಸಿ ಅಂತ ತಿಪ್ಪಕ್ಕನಿಗೆ ಗೊತ್ತಿತ್ತು.

ಮಾರನೇ ದಿನ ಅವಳು ಗಾಡಿಯೋರಿಗೆ ಅಂತ ದೊಡ್ಡ ಗಡಿಗೇಲಿ ಸಾರು ಮಾಡಿ, ಯಜಮಾನರಿಗೆ ಅಂತಲೇ ಬೇರೆ ಗಡಿಗೆ ಇಟ್ಟಳು. ಅಲ್ಲೇ ಒಂದು ಎಡವಟ್ಟಾಯ್ತು. ಆ ಬಯಲಲ್ಲಿ ಉಪ್ಪು ತುಟ್ಟಿ, ಹಾಕೋದು ಚಿಟಿಕೆ ಲೆಕ್ಕದಲ್ಲಿ. ಬರ್ತಿರೋನು ಉಪ್ಪಿನ ಯಜಮಾನ, ಅವನಿಗೆ ಚಿಟಿಕೆ ಉಪ್ಪಿನ ಸಾರು ಬಡಿಸಿದ್ರೆ ಮುಖಕ್ಕೆ ಹೊಡೆದ ಹಾಗಲ್ವಾ ಅಂತ ಯೋಚಿಸಿ, ಮನೇಲಿದ್ದ ಉಪ್ಪಿನ ಮಡಕೆಗೆ ಕೈ ಹಾಕಿ ಹಿಡಿ ತುಂಬ ತೆಗೆದು ಸುರಿದಳು. ಮರ್ಯಾದೆ ಇನ್ನೂ ಸಾಲದೇನೋ ಅನ್ನಿಸಿ ಇನ್ನೊಂದು ಹಿಡಿ. ರುಚಿ ನೋಡೋ ಹಾಗಿಲ್ಲವಲ್ಲ.

ಏಕಾಂತಪ್ಪ ಬಂದ. ಎತ್ತರದ ಆಳು, ಮಾತು ಕಮ್ಮಿ. ಎಲೆ ಮುಂದೆ ಕೂತ, ಮುದ್ದೆ ಮುರಿದ, ಸಾರಲ್ಲಿ ಅದ್ದಿದ, ನುಂಗಿದ. ಒಂದು ಗಳಿಗೆ ಹುಬ್ಬು ಮೇಲೆ ಹೋಗಿ ಕೆಳಗೆ ಬಂತು. ಒಂದು ಚೊಂಬು ನೀರು ಕುಡಿದ. ಆಮೇಲೆ ಮಾತಿಲ್ಲದೆ ಪೂರಾ ಉಂಡು ಎಲೆ ಒರೆಸಿದ ಹಾಗೆ ಖಾಲಿ ಮಾಡಿದ. ತಿಪ್ಪಕ್ಕ ಬಾಗಿಲ ಕಡೆ ನೋಡಿದಳು. ಅತ್ತೆ ತಲೆ ಅಲ್ಲಾಡಿಸಿದಳು, ತೇಗು ಬಂದಿಲ್ಲ. ಇನ್ನೊಂದು ಮುದ್ದೆ ಬಿತ್ತು. ಅದೂ ಖಾಲಿ. ತೇಗಿಲ್ಲ. ಹೊರಗೆ ಗಾಡಿಯೋರು ಉಂಡು, ಸಾಲಾಗಿ ತೇಗಿ, ಗಾಡಿ ಕೆಳಗೆ ಮಲಗಿ, ಎದ್ದು, ಎತ್ತಿಗೆ ನೀರು ತೋರಿಸಿ ಬಂದು ಚಪ್ಪರದ ಗಳ ಹಿಡಿದು ನೋಡ್ತಾ ನಿಂತರು. ಒಳಗೆ ಏಕಾಂತಪ್ಪ ಇನ್ನೂ ಉಣ್ತಾನೇ ಇದ್ದ. ಮುದ್ದೆ, ಸಾರು, ನೀರು. ಮುದ್ದೆ, ಸಾರು, ನೀರು. ಹಣೇಲಿ ಬೆವರು, ಕಣ್ಣಲ್ಲಿ ನೀರು, ತುಟಿ ಮಾತ್ರ ಬಿಗಿ.

ಪಾಲಯ್ಯ ಸೇದಿ ಸೇದಿ ಏದುಸಿರು ಬಿಡ್ತಾ ಬಂದ. ‘ಲೇ ಇವಳೇ, ಬಾವಿ ತಳ ಕಾಣ್ತೈತೆ ಕಣೇ.’

‘ನಮ್ ಬಾವಿಗಾದ್ರೂ ತಳ ಐತೆ,’ ಅಂದಳು ಓಬಕ್ಕ, ಯಜಮಾನನ ಹೊಟ್ಟೆ ಕಡೆ ಕಣ್ಣು ಮಾಡಿ. ‘ಅಲ್ಲೇನೈತೋ ಶಿವನೇ ಬಲ್ಲ.’

ತಿಪ್ಪಕ್ಕನಿಗೆ ನಗು ಬರಲಿಲ್ಲ. ಇಷ್ಟು ಹಾಕಿದ್ರೂ ಇವನ ಹೊಟ್ಟೆ ಒಪ್ತಿಲ್ಲ ಅಂದ್ರೆ ನನ್ನ ಕೈ ಕೆಟ್ಟಿದೆ ಅಂತಾನೇ ಲೆಕ್ಕ. ಬೆಳಿಗ್ಗೆಯಿಂದ ಹೊಟ್ಟೆಗೆ ಏನೂ ಬಿದ್ದಿರಲಿಲ್ಲ. ಮುದ್ದೆ ಮುಗೀತು. ಹಂಡೆ ಕೆರೆದಳು. ಕೊನೆಗೆ ಒಲೆ ಮಗ್ಗುಲಲ್ಲಿ ತನಗೆ ಅಂತ ಮುಚ್ಚಿಟ್ಟಿದ್ದ ಮುದ್ದೆ ತಗೊಂಡು ಬಂದಳು. ಅವತ್ತು ಒಲೆ ಆರೋಕೇ ಬಿಟ್ಟಿರಲಿಲ್ಲವಲ್ಲ, ಇನ್ನೂ ಬಿಸಿ ಇತ್ತು. ಬಡಿಸೋಕೆ ಅಂತ ಎಲೆ ಮುಂದೆ ಬಗ್ಗಿದಳು.

ಏಕಾಂತಪ್ಪ ಮೊದಲ ಸಲ ಬಾಯಿ ಬಿಟ್ಟ. ‘ತಾಯೀ, ಇದು ಯಾರ ಪಾಲಿಂದು?’

ಅವಳು ಮುದ್ದೆ ಹಿಡಿದ ಕೈ ಹಿಂದಕ್ಕೆ ಎಳೆದಳು. ಓಬಕ್ಕ ಸುಮ್ಮನಿರೋ ಜನ ಅಲ್ಲ. ‘ಇನ್ಯಾರದ್ದಪ್ಪಾ, ಅವಳದ್ದೇ. ನೀನು ಒಂದ್ಸಲ ತೇಗಿದ್ರೆ ಅವಳು ಯಾವಾಗ್ಲೋ ಉಂಡಿರೋಳು. ಅದೇನು ಬಿಗಿಹಿಡಿದು ಕುಂತಿದೀಯೋ, ನಿಮ್ಮಪ್ಪನ ಗಂಟಿನ ಹಾಗೆ!’

ಯಜಮಾನನ ಮುಖ ನೋಡಬೇಕಿತ್ತಂತೆ. ‘ಅಯ್ಯೋ ತಾಯಿ, ತೇಗಬೇಕಿತ್ತಾ? ನಮ್ಮನೇಲಿ ಉಂಡ ಜಾಗದಲ್ಲಿ ತೇಗಿದ್ರೆ ಬೆನ್ನಿಗೆ ಬೀಳೋದು. ನಿಮ್ಮ ಅನ್ನ ನನ್ನೊಳಗೆ ನಿಲ್ತಾ ಇಲ್ಲ ಅಂತ ಅರ್ಥ ಆಗ್ತೈತೆ ಅನ್ನೋಳು ನಮ್ಮವ್ವ. ಮೂರನೇ ಮುದ್ದೆಯಿಂದ ಕುತ್ತಿಗೆ ತನಕ ಬಂದು ನಿಂತೈತೆ. ಹಿಡ್ಕಂಡಿದೀನಿ.’

‘ಹಂಗಾದ್ರೆ ಎಲೇಲಿ ಒಂಚೂರು ಬಿಡೋಕೇನಾಗಿತ್ತು?’ ಅಂದಳು ತಿಪ್ಪಕ್ಕ. ಸಿಟ್ಟೋ ಅಳುವೋ ಅವಳಿಗೇ ಗೊತ್ತಾಗಲಿಲ್ಲ. ‘ಖಾಲಿ ಎಲೆ ಕಂಡ್ರೆ ನಾನು ಹಾಕ್ದೆ ಇರ್ತೀನಾ?’

‘ಎಲೇಲಿ ಬಿಟ್ರೆ ಇನ್ನೆರಡು ಏಟು ಜಾಸ್ತಿ.’

ಚಪ್ಪರದ ಗಳ ಹಿಡಿದಿದ್ದ ಗಾಡಿಯೋರೆಲ್ಲ ಗೊಳ್ಳಂತ ನಕ್ಕರು. ಏಕಾಂತಪ್ಪ ನಗಲಿಲ್ಲ. ಎದ್ದ. ಎದ್ದ ಅನ್ನೋದಕ್ಕಿಂತ ಇಬ್ಬರು ಹಿಡಿದು ಎಬ್ಬಿಸಿದರು. ಕೈ ತೊಳೆದು ಬಂದು, ಹೊಸದೊಂದು ಮುತ್ತುಗದ ಎಲೆ ತಗೊಂಡು ಹಿಂದಿನ ಬಂಡೆಯ ನೆರಳಲ್ಲಿದ್ದ ಚಪ್ಪಟೆ ಕಲ್ಲಿನ ಮೇಲೆ ಹಾಸಿದ. ‘ಕುತ್ಕಳವ್ವ,’ ಅಂದ. ತಿಪ್ಪಕ್ಕ ಅತ್ತೆ ಮುಖ ನೋಡಿದಳು. ಗಿರಾಕಿ ತೇಗದೆ ಮನೆಯೋರು ಕೂತಿದ್ದು ಆ ಚಪ್ಪರದಲ್ಲಿ ಯಾವತ್ತೂ ಇಲ್ಲ. ಓಬಕ್ಕ ಬಾಗಿಲಿಂದ ಎದ್ದು ಬಂದು, ‘ಕುತ್ಕಳೇ, ಬಿದ್ದುಗಿದ್ದೀಯ. ಬಿದ್ರೆ ನಾಳೆ ಮುದ್ದೆ ತಿರುವೋಳು ಯಾರು, ನಿನ್ನ ಗಂಡನಾ?’ ಅಂದಳು. ಅತ್ತೆ ಬಾಯಿಂದ ಅಷ್ಟು ಬಂದ್ರೆ ಅದೇ ಆಶೀರ್ವಾದ. ತಿಪ್ಪಕ್ಕ ಕೂತಳು. ಉಪ್ಪಿನ ಗಾಡಿಗಳ ಯಜಮಾನ, ಕಂಡ್ರೆ ಸಂತೆಗೆ ಸಂತೆಯೇ ಎದ್ದು ನಿಲ್ಲೋ ಆಸಾಮಿ, ಬಗ್ಗಿ ಅವಳ ಪಾಲಿನ ಮುದ್ದೆ ಬಡಿಸಿ, ಅದರ ಮೇಲೆ ಗುಳಿ ಮಾಡಿ ತನ್ನ ಗಡಿಗೆಯ ಸಾರು ಹುಯ್ದ.

ಬಿಸಿ ಮುದ್ದೆ ಗಂಟಲಲ್ಲಿ ಜಾರಿ ಇಳಿಯೋದು ಹೇಗಿರುತ್ತೆ ಅನ್ನೋದು ಅವತ್ತು ಗೊತ್ತಾಯ್ತು ಅವಳಿಗೆ. ಹೊಟ್ಟೆ ಬೆಚ್ಚಗಾಯ್ತು, ಕಣ್ಣು ಮುಚ್ಚಿತು. ಮರುಗಳಿಗೆ ಕಣ್ಣು ಹಿಗ್ಗಿತು. ‘ಅಯ್ಯಯ್ಯೋ! ಇದೇನಿದು ಉಪ್ಪು! ಯಜಮಾನ್ರೇ, ಇದನ್ನ ಇಷ್ಟೊತ್ತೂ ಉಂಡ್ರಾ?’

‘ನಿಮ್ಮ ಸೀಮೇಲಿ ಹಿಂಗೇ ಉಣ್ತಾರೆ ಅಂದ್ಕಂಡೆ,’ ಅಂದ ಏಕಾಂತಪ್ಪ. ‘ಹಿಂಗೆ ಉಣ್ಣೋರಾದ್ರೆ ನನ್ನ ವ್ಯಾಪಾರ ಬಲು ಚೆನ್ನಾಗಿ ಆಗ್ತೈತೆ ಅಂತ ಸಂತೋಷನೂ ಆಯ್ತು.’

ತಿಪ್ಪಕ್ಕ ನಕ್ಕಳು. ನಗ್ತಾ ನಗ್ತಾನೇ ಪಾಲಯ್ಯ ಓಡಿ ತಂದ ಒಂದು ಚೊಂಬು ಮಜ್ಜಿಗೆ ಎತ್ತಿ ಕುಡಿದಳು. ಕುಡಿದು ಕೆಳಗಿಡೋಷ್ಟರಲ್ಲಿ ಒಳಗಿಂದ ಒಂದು ತೇಗು ಬಂತು. ಹೆಂಗಸರು ಸೆರಗಿನ ಮರೆಯಲ್ಲಿ ಅಡಗಿಸೋ ಜಾತಿಯದಲ್ಲ, ಮದುವೆ ಆಗಿ ಬಂದಾಗಿಂದ ಸಾಲಲ್ಲಿ ಕಾದಿದ್ದ ತೇಗು. ಹೋಗಿ ಬಂಡೆಯ ಗುಳಿಗೆ ಬಡೀತು. ಬಂಡೆ ಅದನ್ನ ಅಷ್ಟೇ ಗಟ್ಟಿಯಾಗಿ ತಿರುಗಿಸಿ ಕೊಟ್ಟಿತು. ಎತ್ತುಗಳು ಮೆಲುಕು ನಿಲ್ಲಿಸಿ ಕತ್ತು ಎತ್ತಿದವು. ತಿಪ್ಪಕ್ಕ ಸೆರಗಲ್ಲಿ ಮುಖ ಮುಚ್ಚಿಕೊಂಡಳು. ‘ಹ್ಞೂ, ಒಪ್ಪಿತು,’ ಅಂದಳು ಓಬಕ್ಕ, ದಿನಾ ಗಿರಾಕಿಗೆ ಹೇಳೋ ಅದೇ ದನಿಯಲ್ಲಿ. ಆಗ ಏಕಾಂತಪ್ಪನಿಗೆ ನಗು ತಡೆಯೋಕಾಗಲಿಲ್ಲ. ನಕ್ಕ ಕೂಡಲೇ ಬಿಗಿಹಿಡಿದಿದ್ದ ತುಟಿ ಸಡಿಲಾಯ್ತು. ಮೂರನೇ ಮುದ್ದೆಯಿಂದ ಕಾಯ್ತಿದ್ದದ್ದು, ಆತ ಕೈ ಅಡ್ಡ ಇಟ್ಟರೂ ಕೇಳದೆ, ಹೊರಗೆ ಬಂದೇ ಬಿಡ್ತು. ಬಂಡೆ ಅದನ್ನೂ ವಾಪಸ್ ಕೊಟ್ಟಿತು.

ಹೊರಡೋವಾಗ ಪಾಲಯ್ಯ ಕೈ ಹೊಸೆಯುತ್ತಾ ದಾರಿ ವಿಷಯ ಕೇಳಿದ. ‘ಕೆರೆ ಏರಿ ದಾರೀಲಿ ಬೆಲ್ಲದ ಉಂಡೆ ಕೊಡ್ತಾರೆ ನಿಜ,’ ಅಂದ ಏಕಾಂತಪ್ಪ, ‘ಇಂಥ ಬಂಡೆ ಎಲ್ಲಿ ಕೊಡ್ತಾರೆ? ನಾನಿರೋತನಕ ಗಾಡಿ ಈ ದಾರೀಲೇ. ಆದ್ರೆ ಒಂದು ಮಾತು. ಇನ್ನು ಮೇಲೆ ನಾನು ಬಂದಾಗ ಮೊದಲು ನೀವು ಉಣ್ಣಬೇಕು, ಆಮೇಲೆ ನನಗೆ ಹಾಕಬೇಕು. ನೀವು ಉಣ್ಣೋತನಕ ಹೊರಗೆ ಕಾಯ್ತೀನಿ.’

‘ಮರ್ಯಾದೆಗಾ ಯಜಮಾನ್ರೇ?’ ಅಂತ ಕೇಳಿದ ಪಾಲಯ್ಯ.

‘ಮರ್ಯಾದೆಗೂ ಹೌದು,’ ಅಂದ ಆತ, ಇನ್ನೊಂದು ಚೊಂಬು ನೀರಿಗೆ ಕೈ ಚಾಚುತ್ತಾ. ‘ಉಪ್ಪಿಗೂ ಹೌದು.’

ಅವತ್ತಿಂದ ಗಾಡಿಯೋರ ಬಾಯಲ್ಲಿ ಅದು ತೇಗುಬಂಡೆ ಆಯ್ತು ಎನ್ನುತ್ತಾರೆ. ಗಾಡಿಗಳು ಹೋಗಿ ಬಸ್ಸು ಬಂತು, ಗರಿ ಹೋಗಿ ತಗಡು ಬಂತು, ಕೆರೆ ಏರಿ ಪಕ್ಕದ ಜಾಡಲ್ಲಿ ಈಗ ಜಾಲಿ ಗಿಡ ಬೆಳೆದಿದೆ. ತಿಪ್ಪಕ್ಕ ಕೂತು ಉಂಡ ಚಪ್ಪಟೆ ಕಲ್ಲು ಮಾತ್ರ ಬಂಡೆಯ ನೆರಳಲ್ಲಿ ಹಾಗೇ ಇದೆ. ಚೌಡಮ್ಮ ದಿನಾ ಮೊದಲ ಮುದ್ದೆ ಅದರ ಮೇಲೆ ಮುತ್ತುಗದ ಎಲೆ ಹಾಕಿ ಇಡ್ತಾಳೆ. ಮುಂಚೆ ಕಾಗೆಗಳು ತಿಂತಿದ್ವು, ಈಗೀಗ ಕೋತಿಗಳು ತಿಂತವೆ. ಕಾದು ಕಾದು ಕೆಂಪಾಗಿದ್ದ ಗಿರಾಕಿಗಳೂ ಉಂಡೆದ್ದ ಮೇಲೆ ತಣ್ಣಗಾಗಿ ಹಿತ್ತಲಿಗೆ ಬರ್ತಾರೆ, ಬಂಡೆ ಮುಂದೆ ನಿಲ್ತಾರೆ. ತೇಗು ಎರಡು ಸಲ ವಾಪಸ್ ಬಂದದ್ದು ಕೇಳಿ, ಇದೇನು ಹೀಗೆ ಅಂತ ಅಕ್ಕಪಕ್ಕದೋರನ್ನ ಕೇಳ್ತಾರೆ. ಗಟ್ಟಿಯಾಗಿ ಬರೋದು ತಿಪ್ಪಕ್ಕಂದು, ಮೆತ್ತಗೆ ಬರೋದು ಯಜಮಾನಂದು ಅಂತಾರೆ ಊರಿನೋರು. ಅಷ್ಟು ದೊಡ್ಡ ಆಸಾಮಿದು ಯಾಕೆ ಅಷ್ಟು ಮೆತ್ತಗೆ ಅಂತ ಯಾರಾದ್ರೂ ಕೇಳಿದ್ರೆ ಅದಕ್ಕೂ ಉತ್ತರ ಇದೆ. ಆತ ಇನ್ನೂ ಅವರವ್ವನಿಗೆ ಹೆದರ್ತಾನಂತೆ.