ಸಂಕವ್ವನ ಜೋಳ

“ಗುರುಗಳೇ, ಸತ್ತವರ ಮೇಲೆ ಹೊಟ್ಟೆಕಿಚ್ಚು ಪಡುವುದು ಪಾಪವೇ?”

ಒಬ್ಬ ರೈತನ ಮನೆಯಲ್ಲಿ ಮಧ್ಯಾಹ್ನದ ಊಟ ಮುಗಿಸಿ ಗುರುವೂ ಶಿಷ್ಯನೂ ಮಠಕ್ಕೆ ಹಿಂತಿರುಗುತ್ತಿದ್ದರು. ಊಟದ ನಡುವೆ ರೈತ, “ಚೆನ್ನವೀರಯ್ಯನೋರು ಹಚ್ಚಿದ ಹೂದೋಟ ಹೆಂಗೈತ್ರಿ?” ಎಂದು ಕೇಳಿದ್ದ. ಚೆನ್ನವೀರಯ್ಯ ಮಠದ ಹಿಂದಿನ ಶಿಷ್ಯ. ಅವನು ತೀರಿಕೊಂಡು ಹನ್ನೆರಡು ವರ್ಷವಾಗಿತ್ತು. ಆ ಹನ್ನೆರಡು ವರ್ಷವೂ ತೋಟಕ್ಕೆ ನೀರು ಹೊತ್ತವನು ಈ ಶಿಷ್ಯ. ನಾಲ್ಕನೆಯ ರೊಟ್ಟಿಯನ್ನು ಕೇಳಿ ಹಾಕಿಸಿಕೊಂಡಿದ್ದ ಅವನು ಅದನ್ನು ಅರ್ಧಕ್ಕೇ ಬಿಟ್ಟು ಎದ್ದಿದ್ದ.

ಗುರು ನಡಿಗೆಯನ್ನು ನಿಧಾನ ಮಾಡಿ ಹೇಳತೊಡಗಿದರು.

ಒಂದು ರೈತ ಕುಟುಂಬ. ಅದರ ಹಿರಿಯಳು ಸಂಕವ್ವ. ಗಂಡ ಸತ್ತ ಮೇಲೆ ಒಬ್ಬಳೇ ನಿಂತು ಕರಿನೆಲವನ್ನು ಹಸನು ಮಾಡಿದವಳು, ಮಕ್ಕಳನ್ನು ದಡ ಸೇರಿಸಿದವಳು. ಅವಳು ಹೋಗಿ ನಲವತ್ತು ವರ್ಷವಾದರೂ ಆ ಹೊಲದ ಬಿಳಿಜೋಳಕ್ಕೆ ಸಂಕವ್ವನ ಜೋಳವೆಂದೇ ಹೆಸರು. ಎಳ್ಳ ಅಮಾವಾಸ್ಯೆಯ ದಿನ ಮೊಮ್ಮಕ್ಕಳೂ ಮರಿಮಕ್ಕಳೂ ಬುತ್ತಿ ಕಟ್ಟಿಕೊಂಡು ಹೊಲಕ್ಕೆ ಬರುತ್ತಿದ್ದರು. ಬೆಳೆಯ ಸುತ್ತ ಭೂತಾಯಿಗೆಂದು ಚರಗದ ಅನ್ನ ಚೆಲ್ಲುವಾಗ ಮೊದಲ ಹಿಡಿ ಅವಳ ಹೆಸರಿಗೆ.

ಆ ಮನೆಗೆ ಸಂಕವ್ವನ ಮೊಮ್ಮಗನ ಹೆಂಡತಿಯಾಗಿ ಒಬ್ಬಳು ಬಂದಳು. ಸಂಕವ್ವನ ಮುಖವನ್ನು ಅವಳು ಕಂಡವಳಲ್ಲ. ಆದರೆ ಸಂಕವ್ವ ಮಾಡುತ್ತಿದ್ದ ಬೀಜದ ಕೆಲಸ ಅವಳ ಕೈಗೆ ಬಂತು. ತೆನೆ ಬಲಿಯುವ ದಿನಗಳಲ್ಲಿ ಹೊಲದೊಳಗೆ ಹಾಯ್ದು, ಬೀಜಕ್ಕೆ ತಕ್ಕ ತೆನೆಗೆ ಕೆಂಪು ದಾರ ಕಟ್ಟಬೇಕು. ಬದುವಿನ ತೆನೆ ಎಷ್ಟೇ ದಪ್ಪವಿದ್ದರೂ ಅದಕ್ಕೆ ಕಟ್ಟುವಂತಿಲ್ಲ. ಪಕ್ಕದ ಹೊಲದ ಗಾಳಿ ಅದಕ್ಕೆ ತಾಗಿರುತ್ತದೆ. ಕಪ್ಪು ಪುಡಿಯ ಕಾಡಿಗೆ ರೋಗ ಹತ್ತಿದ ಒಂದು ಕಾಳು ಕಂಡರೂ ಆ ತೆನೆ ಬಿಡಬೇಕು. ದಾರದ ತೆನೆಗಳನ್ನು ಬೇರೆಯಾಗಿ ಕೊಯ್ದು, ಕೈಯಿಂದ ಉದುರಿಸಿ, ಬೂದಿ ಬೆರೆಸಿ, ಗಡಿಗೆಯಲ್ಲಿ ತುಂಬಿ ಬಾಯಿಗೆ ಸಗಣಿ ಮೆತ್ತಬೇಕು. ಜೋಳದ ಗರಿ ಗೀರಿ ಅವಳ ಮುಂಗೈಗಳ ಮೇಲೆ ಗೆರೆಗಳು ಬಿದ್ದವು. ಇಪ್ಪತ್ತೊಂದು ವರ್ಷ ಅವಳು ಒಂದು ಸಲವೂ ತಪ್ಪಿಸಲಿಲ್ಲ.

ಆದರೂ ಗಂಡನ ಚಿಕ್ಕಪ್ಪ ರೊಟ್ಟಿ ಮುರಿಯುತ್ತ, “ಹೆಂಗ ಬೆಳ್ಳಗ ಐತಿ ನೋಡ್ರಿ. ನಮ್ಮವ್ವ ಸಂಕವ್ವನ ಕೈಗುಣ ಇದು,” ಎನ್ನುತ್ತಿದ್ದ.

“ಹಂಗಾರ ನಾಳೆಯಿಂದ ರೊಟ್ಟಿ ಬಡಿಯಾಕೂ ಆಕೀನ್ನ ಕರೀರಿ, ಮಾವ,” ಎಂದಳು ಅವಳು ಒಂದು ದಿನ.

ಎಲ್ಲರೂ ನಕ್ಕರು. ನಕ್ಕು ಇನ್ನೊಂದು ರೊಟ್ಟಿ ಕೇಳಿದರು.

ಅವಳಿಗೆ ನಗು ಬರಲಿಲ್ಲ. ಬದುಕಿದ್ದ ಓರಗಿತ್ತಿಯಾದರೆ ಎದುರು ನಿಂತು ಜಗಳವಾಡಬಹುದಿತ್ತು; ಅವಳ ಅಡುಗೆಯಲ್ಲಿ ಉಪ್ಪು ಹೆಚ್ಚೆಂದು ಹೇಳಬಹುದಿತ್ತು. ಸತ್ತವಳ ಅಡುಗೆಯಲ್ಲಿ ಉಪ್ಪು ಹೆಚ್ಚಾಗುವುದೇ ಇಲ್ಲ. ಒಂದೇ ಒಂದು ಸಲ, ಒಬ್ಬರ ಬಾಯಲ್ಲಾದರೂ, ಇದು ನಿನ್ನ ಜೋಳವೆಂಬ ಮಾತು ಬಂದರೆ ಸಾಕಾಗಿತ್ತು. ಬರಲಿಲ್ಲ.

ಇಪ್ಪತ್ತೆರಡನೆಯ ವರ್ಷ ಅವಳು ದಾರ ಕಟ್ಟಲಿಲ್ಲ. ಸಂಕವ್ವನ ಜೋಳವಾದರೆ ಸಂಕವ್ವನೇ ಬಂದು ಕಟ್ಟಲಿ ಎಂದುಕೊಂಡಳು. ಕಣದ ರಾಶಿಯಿಂದ ಬೊಗಸೆ ಬೊಗಸೆಯಾಗಿ ಎತ್ತಿ ಬೀಜದ ಗಡಿಗೆ ತುಂಬಿಸಿದಳು. ಬೂದಿಯನ್ನೂ ಬೆರೆಸಲಿಲ್ಲ. ಯಾರಿಗೂ ತಿಳಿಯಲಿಲ್ಲ.

ಮುಂದಿನ ಬೆಳೆ ಒಂದು ಎತ್ತರಕ್ಕೆ ನಿಲ್ಲಲಿಲ್ಲ. ಮೊಣಕಾಲಿಗೊಂದು ಗಿಡ, ತಲೆ ಮೀರಿ ಇನ್ನೊಂದು. ತೆನೆ ಹಿಸುಕಿದರೆ ಕಾಳಿನ ಬದಲು ಕಪ್ಪು ಪುಡಿ. ಎಳ್ಳ ಅಮಾವಾಸ್ಯೆಗೆ ಎಲ್ಲರೂ ಬಂದರು. ಅವಳು ಬುತ್ತಿಯ ಪಕ್ಕದಲ್ಲಿ ಕುಳಿತು ಕಾದಳು. ಈಗ ಬೈಯುತ್ತಾರೆ, ಬೈಯುವುದಕ್ಕಾದರೂ ನನ್ನ ಹೆಸರು ಹಿಡಿಯುತ್ತಾರೆ ಎಂದು ಅವಳ ಎಣಿಕೆ.

ಚಿಕ್ಕಪ್ಪ ಹೊಲದ ಸುತ್ತ ಒಂದು ಸಲ ನಡೆದು ಬಂದು ರುಮಾಲು ತೆಗೆದ. “ಸಂಕವ್ವ ನಮ್ಮ ಮ್ಯಾಲ ಮುನಿಸಿಕೊಂಡಾಳ,” ಎಂದ. ಎಲ್ಲರೂ ಹೌದೆಂದರು. ಆ ವರ್ಷ ಸಂಕವ್ವನ ಹೆಸರಿಗೆ ಎರಡು ಹಿಡಿ ಚರಗ ಚೆಲ್ಲಿದರು.

ಅವಳು ಎದ್ದು ಬನ್ನಿಗಿಡದ ಮರೆಗೆ ಹೋದಳು. ಅಲ್ಲಿ ಸಂಕವ್ವನ ಕಿರಿಯ ಮಗಳು, ಎಂಬತ್ತು ದಾಟಿದ ಮುದುಕಿ, ನೆರಳಿಗೆ ಕಾಲು ಚಾಚಿ ಕುಳಿತಿದ್ದಳು.

“ದಾರ ಕಟ್ಟಿಲ್ಲ ಹೌದಲ್ಲ?” ಎಂದಳು ಮುದುಕಿ.

ಅವಳು ಹೌದೆಂದು ಮುದುಕಿಯ ಪಕ್ಕದಲ್ಲಿ ಕುಳಿತಳು.

“ನಮ್ಮವ್ವನೂ ಒಂದ್ ವರ್ಷ ಕಟ್ಟಿರಲಿಲ್ಲ. ಆಗ ಇದು ಬಾಳವ್ವನ ಜ್ವಾಳ. ಬಾಳವ್ವ ಅಂದ್ರ ನಮ್ಮವ್ವನ ಅತ್ತಿ. ಆ ಹೆಸರ ಕೇಳಿದ್ರ ನಮ್ಮವ್ವಗ ಮೈ ಉರೀತಿತ್ತು.”

“ಆಮ್ಯಾಲ?”

“ಆಮ್ಯಾಲೇನು, ಬಾಳವ್ವಗೇನೂ ಆಗಲಿಲ್ಲ. ಸತ್ತಾಕಿಗೆ ಏನ್ ಹಸಿವು? ನಾವು ಮಕ್ಕಳು ವರ್ಷಪೂರ್ತಿ ಅರ್ಧ ರೊಟ್ಟಿ ತಿಂದ್ವಿ. ನಾನು ಬೇಡೋದು, ನಮ್ಮವ್ವ ಮಾರಿ ತಿರುಗಿಸೋದು. ಮರುವರ್ಷ ದಾರದ ಉಂಡಿ ಹಿಡಕೊಂಡು ಎಲ್ಲಾರಿಗಿಂತ ಮೊದಲ ಹೊಲಕ್ಕ ಹೋದ್ಲು.”

ಬುತ್ತಿಯ ಬಳಿ ಮಕ್ಕಳು ಇನ್ನೂ ಉಣ್ಣುತ್ತಿದ್ದರು. ತನ್ನ ಕಿರಿಯ ಮಗಳು ಎರಡನೆಯ ರೊಟ್ಟಿಗೆ ಕೈ ಚಾಚಿದ್ದನ್ನು ಅವಳು ನೋಡಿದಳು. ಆಮೇಲೆ ತನ್ನ ಸೀರೆಯ ಕೆಂಪು ಅಂಚಿನಿಂದ ಎಳೆ ಬಿಡಿಸಿಕೊಂಡು ಹೊಲದೊಳಗೆ ಹೋದಳು. ಇಡೀ ಹೊಲ ಹುಡುಕಿ ಇಪ್ಪತ್ತಾರು ತೆನೆಗೆ ಕಟ್ಟಿದಳು. ಹೊರಗೆ ಬಂದಾಗ ಸಂಕವ್ವನ ಮೇಲಿನ ಕಿಚ್ಚು ಇನ್ನೂ ಇತ್ತು. ಅದನ್ನು ಅವಳೇ ಹೇಳಿದ್ದಾಳೆ. ಆದರೆ ಅಂದಿನಿಂದ ಒಂದು ವರ್ಷವೂ ದಾರ ತಪ್ಪಿಲ್ಲ. ನಾಲ್ಕನೆಯ ವರ್ಷಕ್ಕೆ ಬೆಳೆ ಮತ್ತೆ ಒಂದೇ ಎತ್ತರಕ್ಕೆ ನಿಂತಿತು.

ಗುರು ಕತೆ ನಿಲ್ಲಿಸಿದರು. ಮಠದ ತೋಟ ದೂರದಿಂದ ಕಾಣುತ್ತಿತ್ತು.

“ಆಮೇಲಾದರೂ ಆ ಜೋಳಕ್ಕೆ ಅವಳ ಹೆಸರು ಬಂತೇ?” ಎಂದ ಶಿಷ್ಯ.

“ನಿನ್ನ ತಾಟಿಗೆ ನಾಲ್ಕನೆಯ ರೊಟ್ಟಿ ಹಾಕಿದವಳು ಅವಳೇ, ನೀನಾದರೂ ಅವಳ ಹೆಸರು ಕೇಳಿದೆಯಾ?”